ಅಮಾವಾಸ್ಯೆ ಪೂಜೆಗೆ ಬಂದ್ ಮಾಡಿದ ಸರ್ವರ್

ಆ ಅಮಾವಾಸ್ಯೆಯ ದಿನ ಮಾಡಿದ ಕೆಲಸಗಳು: ನಲ್ಲಿಗೆ ನೀರು ಬಂದಾಗ ಡ್ರಮ್ಮುಗಳನ್ನು ತುಂಬಿಸಿದ್ದು. ಹೊಸ್ತಿಲು ತೊಳೆದು ರಂಗೋಲಿ ಎಳೆದದ್ದು. ಬಾಗಿಲ ಮೇಲಿನ ಒಣಗಿದ ನಿಂಬೆಹಣ್ಣು ತೆಗೆದು ಹೊಸದು ಕಟ್ಟಿದ್ದು. ಪುಂಡಿಸೊಪ್ಪು ಬಿಡಿಸಿಟ್ಟದ್ದು. ಗ್ಯಾಸಿನವನಿಗೆ ಕಾದದ್ದು, ಅವನು ಬರಲಿಲ್ಲ. ಗಂಡನ ಅಂಗಿಗೆ ಗುಂಡಿ ಹಚ್ಚುವುದಿತ್ತು. ಅಮಾವಾಸ್ಯೆಗೆ ಸೂಜಿ ಹಿಡಿಯುವುದಿಲ್ಲವೆಂದು ಅದನ್ನು ಗೂಟಕ್ಕೆ ತೂಗುಹಾಕಿದ್ದು. ಊಟವಾದ ಮೇಲೆ ಲ್ಯಾಪ್‌ಟಾಪು ತೆಗೆದು ಡಯಾಲಿಸಿಸ್ ಕೇಂದ್ರದ ಪುಟ ನೋಡಿದ್ದು. ಅಲ್ಲಿಂದ ಮುಂದೆ ಮನೆಗೆಲಸ ನಿಂತುಹೋಯಿತು.

ತೆಲುಗು ಸೀಮೆಯ ಗಡಿಯೂರು ಆದೋನಿಯಲ್ಲಿ ನಾನು ಮನೆಯಲ್ಲೇ ಕೂತು ಅಂಗಡಿಗಳಿಗೆ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತ ಬಂದವಳು. ಹತ್ತಿ ವ್ಯಾಪಾರಿಗಳು ಕೂಡಿ ನಡೆಸುವ ಒಂದು ಟ್ರಸ್ಟಿನ ಡಯಾಲಿಸಿಸ್ ಕೇಂದ್ರಕ್ಕೂ ಒಂದು ಮಾಡಿಕೊಟ್ಟಿದ್ದೆ. ಅಲ್ಲಿ ಕುರ್ಚಿಗಳು ಕಡಿಮೆ, ಕಿಡ್ನಿ ಕೆಟ್ಟವರು ಹೆಚ್ಚು. ಮೊದಲೆಲ್ಲ ದೊಡ್ಡವರ ಪರಿಚಯ ಇದ್ದವರು ಫೋನು ಮಾಡಿಸಿ ಕುರ್ಚಿ ಹಿಡಿಯುತ್ತಿದ್ದರು. ಆಲೂರು ಕಡೆಯಿಂದ, ನಂದವರದಿಂದ ಬಸ್ಸಿಗೆ ಬಂದವರು ಬಾಗಿಲಲ್ಲಿ ಕೂತು ವಾಪಸು ಹೋಗುತ್ತಿದ್ದರು. ಒಮ್ಮೆ ಅದರ ಮೇಲೆ ದೊಡ್ಡ ಜಗಳವಾಗಿ, ಇನ್ನು ಪಾಳಿಯನ್ನು ಕಂಪ್ಯೂಟರೇ ಹಂಚಲಿ, ಅದು ಕರೆದವರಿಗೆ ಮಾತ್ರ ಕುರ್ಚಿ ಎಂದು ಟ್ರಸ್ಟಿನವರು ಗೊತ್ತು ಮಾಡಿದರು. ಅದು ದಿನಾ ಸಂಜೆ ಮರುದಿನದ ಪಾಳಿ ಕಟ್ಟಿ, ಒಬ್ಬೊಬ್ಬರ ಫೋನಿಗೂ ಮೆಸೇಜು ಕಳಿಸುತ್ತದೆ. ಮೆಸೇಜು ಇಲ್ಲದೆ ಬಂದವರನ್ನು ನರ್ಸಮ್ಮ ಒಳಗೆ ಬಿಡುವುದಿಲ್ಲ.

ಆ ಮೆಸೇಜಿಗೆ ಕಾಯುವವರಲ್ಲಿ ನನ್ನ ನಾದಿನಿಯೂ ಒಬ್ಬಳು. ನನ್ನ ಗಂಡನ ತಂಗಿ, ನನ್ನನ್ನು ಅತ್ತಿಗೆ ಎನ್ನದೆ ತೆಲುಗಿನಂತೆ ವದಿನಾ ಎಂದು ಕರೆಯುವವಳು. ಕೌತಾಳಂ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕುವ ಮನೆಗೆ ಕೊಟ್ಟಿದ್ದೇವೆ. ಹಿಂದಿನ ಪಾಳಿಯ ದಿನ ಕೇಂದ್ರದಲ್ಲಿ ನೀರು ಶುದ್ಧ ಮಾಡುವ ಯಂತ್ರ ಕೆಟ್ಟು, ಆಕೆಗೆ ಡಯಾಲಿಸಿಸ್ ಆಗಿರಲಿಲ್ಲ. ಆಮೇಲೆ ಕಾಲು ಊದಿಕೊಂಡವು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಮುಂದಿನ ಪಾಳಿ ಏನೇ ಆದರೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ಆ ಪಾಳಿ ಅಮಾವಾಸ್ಯೆಯ ಮರುದಿನ ಬರಬೇಕಿತ್ತು. ಇಲ್ಲಿ ತಪ್ಪಿದರೆ ಕರ್ನೂಲು. ಅಷ್ಟು ದೂರ ಬಸ್ಸಿನಲ್ಲಿ ಕೂತು ಹೋಗುವ ಸ್ಥಿತಿ ಆಕೆಯದಾಗಿರಲಿಲ್ಲ.

ಪುಟ ತೆರೆದರೆ ಬರೀ ಬಿಳಿ ತೆರೆ. ಒಂದು ಅಕ್ಷರವಿಲ್ಲ.

ಸರ್ವರ್ ಇದ್ದದ್ದು ಟ್ರಸ್ಟಿನವರಲ್ಲೇ ಒಬ್ಬ ಸಾವ್ಕಾರರ, ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಆಫೀಸಿನಲ್ಲಿ. ಮನೆಯಿಂದಲೇ ಅದರೊಳಗೆ ಹೋಗಲು ನೋಡಿದೆ. ಆ ದಾರಿ ಮುಚ್ಚಿತ್ತು. ಯಂತ್ರ ಹಚ್ಚಿದಾಗಲೆಲ್ಲ ಆ ದಾರಿಯನ್ನು ಅಲ್ಲೇ ಕೂತು ಕೈಯಿಂದ ಶುರು ಮಾಡಬೇಕು. ಮುಚ್ಚಿದೆ ಎಂದರೆ ಯಾರೋ ಯಂತ್ರವನ್ನು ಬಂದ್ ಮಾಡಿ ಮತ್ತೆ ಹಚ್ಚಿದ್ದಾರೆ. ಮಿಲ್ಲಿನ ಮ್ಯಾನೇಜರಿಗೆ ಫೋನು ಮಾಡಿದೆ. ಹಳೆಯ ಮ್ಯಾನೇಜರು ಬಿಟ್ಟುಹೋಗಿ ಈತ ಹೊಸದಾಗಿ ಬಂದಿದ್ದ.

“ಅಮಾಸಿ ಪೂಜಿ ಅಲ್ರೀ ಮೇಡಂ,” ಎಂದ. “ಜಿನ್ನು, ಪ್ರೆಸ್ಸು, ತೂಕದ ಕಾಂಟಾ ಎಲ್ಲಾ ಬಂದ್ ಮಾಡಿ ತೊಳದ್ವಿ. ನಿಮ್ಮ ಡಬ್ಬಿ ಒಂದ ಯಾಕ ಬಿಡಬೇಕಂತ ಅದಕ್ಕೂ ಕುಂಕುಮ ಹಚ್ಚೀವಿ.”

“ಅದನ್ನೂ ತೊಳದ್ರೇನು?”

“ಇಲ್ರಿ. ಒರಸೀವಿ ಅಷ್ಟ. ಒದ್ದಿ ಬಟ್ಟಿಲೆ.”

ಹಿಂದಿನ ಮ್ಯಾನೇಜರು ಅದನ್ನು ಮಿಲ್ಲಿನ ಯಂತ್ರವೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಷ್ಟೋ ಅಮಾವಾಸ್ಯೆ ಕಳೆದರೂ ಅದು ಒಂದು ಸಲವೂ ಆರಿರಲಿಲ್ಲ. ಈತನಿಗೆ ಎಲ್ಲದರ ಮೇಲೂ ಭಕ್ತಿ. ಬೈಯುವುದಕ್ಕೂ ಮನಸ್ಸು ಬರಲಿಲ್ಲ.

ಆಟೋ ಹಿಡಿದು ಹೋದೆ. ಹಬ್ಬದ ಹಾಗೆ ಮಿಲ್ಲೆಲ್ಲ ಒದ್ದೆ, ಗೇಟಿನಲ್ಲಿ ಒಡೆದ ಬೂದುಗುಂಬಳ, ಎಲ್ಲಿ ನೋಡಿದರೂ ಊದುಬತ್ತಿಯ ಹೊಗೆ. ಆಫೀಸಿನ ಕೋಣೆಗೆ ಬೀಗ ಹಾಕಿದ್ದರು. ಒಳಗೆ ದೀಪ ಇಟ್ಟಿದ್ದರಂತೆ. ದೀಪ ತಾನಾಗಿ ಶಾಂತವಾಗುವ ತನಕ ಆ ಕೋಣೆಯಲ್ಲಿ ಯಾರೂ ಕೂತು ಕೆಲಸ ಮಾಡುವಂತಿಲ್ಲ, ಅದು ಆ ಮಿಲ್ಲಿನ ಪದ್ಧತಿ. ಎಣ್ಣೆ ಎಷ್ಟು ಹಾಕಿದ್ದೀರಿ ಎಂದು ಕೇಳಿದೆ. ರಾತ್ರಿ ತನಕ ಉರಿಯಲಿ ಎಂದು ಕೈಬಿಚ್ಚಿ ಹಾಕಿದ್ದೇನೆ ಎಂದು ಆತ ಸಂತೋಷದಿಂದಲೇ ಹೇಳಿದ.

ಕೇಂದ್ರದ ನರ್ಸಮ್ಮ ಅಷ್ಟರಲ್ಲಿ ಫೋನು ಮಾಡಿದರು. ಅವರ ಕಡೆಯೂ ಬಿಳಿ ತೆರೆ. ಯಾರ ಪಾಳಿ ಯಾವುದೆಂದು ಅವರಿಗೂ ತಿಳಿಯದು. ಕುರ್ಚಿ ಕೇಳಿಕೊಂಡು ಆಗಲೇ ಒಂದಿಬ್ಬರು ದೊಡ್ಡವರ ಫೋನು ಬಂದಿತ್ತಂತೆ. ನನ್ನ ನಾದಿನಿಯ ಸ್ಥಿತಿ ಅವರಿಗೆ ಗೊತ್ತಿತ್ತು. ಒಂದು ಗಳಿಗೆ ಆಕೆಯ ಹೆಸರು ಹೇಳಿಬಿಡೋಣ ಎನ್ನಿಸಿತು. ಹೇಳಲಿಲ್ಲ. ಹೇಳಿದ್ದರೆ ನಾನೂ ಆ ದೊಡ್ಡವರ ಹಾಗೆ ಶಿಫಾರಸು ಮಾಡಿದವಳಾಗುತ್ತಿದ್ದೆ, ಅಷ್ಟೇ. ಮಿಕ್ಕವರು ನನ್ನನ್ನೇ ತೋರಿಸಿ ಕೇಳುತ್ತಿದ್ದರು. ನರ್ಸಮ್ಮನೇ ಹೇಳಿದರು, “ಸಂಜಿ ತನಕ ನೋಡ್ತೀನಿ ಮೇಡಂ. ಅದು ಬರಲಿಲ್ಲಂದ್ರ ಸಾವ್ಕಾರ್ರು ಯಾರ ಹೆಸರು ಹೇಳ್ತಾರ ಅವರನ್ನ ಕುಂಡ್ರಸಾದು. ನಾನೇನ್ ಮಾಡ್ಲಿ?”

ಮ್ಯಾನೇಜರಿನ ಮುಂದೆ ನಿಂತು ನಾದಿನಿಯ ಕಥೆಯನ್ನೆಲ್ಲ ಹೇಳಿದೆ. ಕಾಲು ಊದಿದ್ದು, ಕೂತು ಮಲಗುವುದು, ಎಲ್ಲ. ಆತ ಬೀಗದ ಕೈ ಹಿಡಿದುಕೊಂಡೇ ಕೇಳಿದ, ಕೊಡಲಿಲ್ಲ. ಸಾವ್ಕಾರರು ಖುದ್ದು ನಿಂತು ಮಾಡಿಸಿದ ಪೂಜೆ, ತನ್ನ ಮೇಲೆ ಬರುತ್ತದೆ ಎಂದ. ಹಾಗಾದರೆ ಅವರನ್ನೇ ಕೇಳಿ ಎಂದೆ. ಅವರ ಫೋನು ಹತ್ತಲಿಲ್ಲ. ಹೊರಗೆ ಹತ್ತಿಯ ಬೇಲುಗಳ ಪಕ್ಕದ ಬೆಂಚಿನ ಮೇಲೆ ಕೂತೆ. ಆತ ಆಗಾಗ ಕಿಟಕಿಯಲ್ಲಿ ಬಗ್ಗಿ ದೀಪ ನೋಡುವನು, ನನ್ನ ಮುಖ ನೋಡುವನು, ಮತ್ತೆ ಸಾವ್ಕಾರರ ನಂಬರು ಒತ್ತುವನು. ಚಹಾ ತರಿಸಿದ.

ಕೊನೆಗೆ ಸಾವ್ಕಾರರು ಸಿಕ್ಕರು. ಆತ ಅವರ ಮಾತು ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದ. “ಜಿನ್ನು ನಡಸಬ್ಯಾಡ ಅಂದೀನಿ ನಾನು, ಬ್ಯಾನಿ ಬಿದ್ದವರ ಕೆಲಸಕ ಅಡ್ಡ ಬಾ ಅಂದೀನೇನು?” ಎಂದರು. “ದೀಪ ಸರಸಿ ಒಂದ್ ಬಾಜೂಕ ಇಡು. ಆಯಮ್ಮನ್ನ ಒಳಗ ಬಿಡು.”

ಇಲ್ಲಿ ಒಂದು ವಿಷಯ ಹೇಳಬೇಕು. ಪಿಎಚ್‌ಪಿಯಲ್ಲಿ ಬರೆದ ಇಂಥ ಅಪ್ಲಿಕೇಶನ್ನನ್ನು ತುಂಡು ತುಂಡು ಮಾಡಿ ಇಡುತ್ತೇವೆ. ಪಾಳಿ ಕಟ್ಟುವುದು ಒಂದು ತುಂಡು, ಮೆಸೇಜು ಕಳಿಸುವುದು ಇನ್ನೊಂದು. ಅಂಥ ಒಂದೊಂದಕ್ಕೆ ಕ್ಲಾಸ್ ಎನ್ನುತ್ತಾರೆ, ಒಂದೊಂದೂ ತನ್ನದೇ ಫೈಲಿನಲ್ಲಿ ಇರುತ್ತದೆ. ಬೇಕಾದಾಗ ಆ ಫೈಲನ್ನು ತಂದುಕೊಡುವುದು ಆಟೋಲೋಡರ್ ಎಂಬುದರ ಕೆಲಸ. ನಾನು ಇಟ್ಟ ಏರ್ಪಾಟಿನಲ್ಲಿ ಅದು ಎಲ್ಲ ಕಡೆ ತಡಕಾಡುವುದಿಲ್ಲ. ಯಾವ ಕ್ಲಾಸು ಎಲ್ಲಿದೆ ಎಂದು ಮೊದಲೇ ಮಾಡಿಟ್ಟ ನಕ್ಷೆ ನೋಡಿ ಸೀದಾ ಅಲ್ಲಿಗೆ ಹೋಗುತ್ತದೆ. ನಕ್ಷೆ ತೋರಿಸಿದ ಕಡೆ ಫೈಲು ಇಲ್ಲದಿದ್ದರೆ, ಪಕ್ಕದ ಫೋಲ್ಡರಿನಲ್ಲೇ ಇದ್ದರೂ ಸರಿ, ಕ್ಲಾಸ್ ಸಿಗಲಿಲ್ಲ ಎಂದು ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ.

ಸರ್ವರಿನ ಡಬ್ಬಿಗೆ ಮೂರೆಳೆ ವಿಭೂತಿ ಬಳಿದು, ಕುಂಕುಮ ಇಟ್ಟು, ಮೇಲೆ ಚೆಂಡುಹೂ ಏರಿಸಿದ್ದರು. ಹೂ ತೆಗೆದು ಪಕ್ಕಕ್ಕಿಟ್ಟೆ. ದೋಷಗಳ ದಾಖಲೆ ತೆರೆದರೆ ಅದೇ ಮಾತು ಮೇಲಿಂದ ಕೆಳಗಿನ ತನಕ: ಮೆಸೇಜಿನ ಕ್ಲಾಸ್ ಸಿಗಲಿಲ್ಲ. ಒದ್ದೆ ಬಟ್ಟೆಯ ನೀರು ಒಳಗಿಳಿದು ಡಿಸ್ಕಿಗೆ ಏನಾದರೂ ಆಯಿತೋ ಎಂದು ಅನುಮಾನ ಬಂತು. ಫೈಲು ಇದೆಯೇ ನೋಡಿದೆ. ಇತ್ತು. ತೆರೆಯಿತೇ? ತೆರೆಯಿತು. ಓದಲು ಅನುಮತಿ ಇತ್ತು. ಫೈಲಿನ ತಲೆಯ ಮೇಲೆ ಬರೆದ ವಿಳಾಸ ಅದು ಕೂತ ಫೋಲ್ಡರಿಗೆ ಸರಿಹೊಂದಿತ್ತು. ಎಲ್ಲ ಕಣ್ಣೆದುರಿಗೇ ಇದ್ದು, ಯಂತ್ರ ಮಾತ್ರ ಇಲ್ಲವೆನ್ನುತ್ತಿತ್ತು. ಇಂಥ ಹೊತ್ತಿನಲ್ಲಿ ಸಿಕ್ಕಿದ್ದನ್ನೆಲ್ಲ ತಿದ್ದತೊಡಗಿದರೆ ಇದ್ದದ್ದೂ ಕೆಡುತ್ತದೆ. ಏನನ್ನೂ ಮುಟ್ಟದೆ ದೋಷದ ಸಾಲನ್ನು ಮತ್ತೊಮ್ಮೆ ಓದಿದೆ. ಆಮೇಲೆ ನಕ್ಷೆಯನ್ನೇ ತೆರೆದು ನೋಡಿದೆ. ಅದು ಮೆಸೇಜಿನ ಕ್ಲಾಸಿಗೆ ಹಳೆಯ ಫೋಲ್ಡರಿನ ದಾರಿ ತೋರಿಸುತ್ತಿತ್ತು.

ಆಗ ತಿಳಿಯಿತು. ಅಲ್ಲಿಯ ತನಕ ಮೆಸೇಜು ತೆಲುಗಿನಲ್ಲಿ ಮಾತ್ರ ಹೋಗುತ್ತಿತ್ತು. ಆಲೂರು ಕಡೆಯ ಮುದುಕರು ಕನ್ನಡದಲ್ಲೂ ಬೇಕೆಂದು ಕೇಳಿದ್ದರಿಂದ, ಅಮಾವಾಸ್ಯೆಯ ಹಿಂದಿನ ದಿನ ನಾನು ಆ ತುಂಡನ್ನು ಎರಡು ಮಾಡಿ, ಹೊಸ ಫೋಲ್ಡರಿಗೆ ಸರಿಸಿ, ಸರ್ವರಿಗೆ ಏರಿಸಿದ್ದೆ. ಉಳಿದದ್ದು ಒಂದೇ ಕೆಲಸ: ನಕ್ಷೆಯನ್ನು ಹೊಸದಾಗಿ ಕಟ್ಟುವ ಒಂದು ಸಾಲಿನ ಆಜ್ಞೆ ಕೊಟ್ಟು, ಹೊಸದನ್ನು ಚಾಲೂ ಮಾಡುವುದು. ಟ್ರಸ್ಟಿನ ಹಿರಿಯರೊಬ್ಬರು ಆಗ ಫೋನಿನಲ್ಲಿ, “ರಾತ್ರಿ ಕಳದ್ರ ಅಮಾಸಿ ಐತವಾ, ಹೊಸದು ಚಾಲೂ ಮಾಡಬ್ಯಾಡ. ಪಾಡ್ಯಕ್ಕ ಮಾಡು,” ಎಂದಿದ್ದರು. ನಾನೂ ಹೂಂ ಎಂದೆ. ಸೂಜಿಯನ್ನೇ ಮುಟ್ಟದವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹಳೆಯದು ಯಂತ್ರದ ನೆನಪಿನಲ್ಲಿ ನಡೆಯುತ್ತಲೇ ಇತ್ತು. ಫೈಲು ಜಾಗ ಬದಲಿಸಿದ್ದು ಅದಕ್ಕೆ ಗೊತ್ತೇ ಇರಲಿಲ್ಲ. ಆರದೆ ಇದ್ದಿದ್ದರೆ ಪಾಡ್ಯದ ತನಕ ಹಾಗೇ ನಡೆಯುತ್ತಿತ್ತು. ಹಿರಿಯರು ಅಮಾವಾಸ್ಯೆಗೆಂದು ಒಂದು ಕೆಲಸ ನಿಲ್ಲಿಸಿದರು, ಮ್ಯಾನೇಜರು ಅಮಾವಾಸ್ಯೆಗೆಂದು ಯಂತ್ರ ನಿಲ್ಲಿಸಿದ. ನೆನಪು ಅಳಿಸಿಹೋಯಿತು, ನಕ್ಷೆ ಹಳೆಯದಾಗಿಯೇ ಉಳಿಯಿತು.

ಆಜ್ಞೆ ಕೊಟ್ಟೆ. ನಕ್ಷೆ ಹೊಸದಾಯಿತು. ಪುಟ ತೆರೆದರೆ ಮತ್ತೆ ಬಿಳಿ. ದಾಖಲೆಯಲ್ಲಿ ಮತ್ತೆ ಅದೇ ಸಾಲು. ಬೆಳಿಗ್ಗೆ ಯಂತ್ರ ಹಚ್ಚಿದಾಗ ಅದು ಹಳೆಯ ನಕ್ಷೆಯನ್ನೇ ಓದಿ ನೆನಪಿನಲ್ಲಿ ಇಟ್ಟುಕೊಂಡಿತ್ತು. ಯಂತ್ರ ಹಳೆಯದು, ಓಟ ಚುರುಕಾಗಲೆಂದು ಫೈಲುಗಳನ್ನು ಪದೇ ಪದೇ ನೋಡದಂತೆ ನಾನೇ ಇಟ್ಟಿದ್ದೆ. ಪಿಎಚ್‌ಪಿಯನ್ನು ಒಮ್ಮೆ ನಿಲ್ಲಿಸಿ ಹಚ್ಚಬೇಕಿತ್ತು. ಹಿಂದೆ ನಿಂತು ನೋಡುತ್ತಿದ್ದ ಮ್ಯಾನೇಜರಿಗೆ ಹಾಗೆಂದೆ.

“ಪೂಜಿ ಮಾಡಿ ಚಾಲೂ ಮಾಡಿದ್ದನ್ನ ಮತ್ತ ಬಂದ್ ಮಾಡ್ತೀರೇನ್ರಿ? ಅಮಾಸಿ ದಿನ?”

“ಡಬ್ಬಿ ಬಂದ್ ಮಾಡಂಗಿಲ್ರಿ. ಒಳಗ ನಡಿಯಾದು ಒಂದ.”

ಆತ ಬಾಜೂಕಿಟ್ಟ ದೀಪದ ಕಡೆ ತಿರುಗಿ ಕೈ ಮುಗಿದ. ನನಗೂ ಒಳಗೆ ಅಳುಕಿತ್ತು. ಅಮಾವಾಸ್ಯೆಗೆ ಹೊಸದು ಬೇಡ ಎಂದದ್ದನ್ನು ಅಮಾವಾಸ್ಯೆಗೇ ಚಾಲೂ ಮಾಡುತ್ತಿದ್ದೇನೆ. ಬೆಳಗಾದರೆ ನಾದಿನಿಗೆ ಏನಾದರೂ ಆದರೆ ಇದನ್ನೇ ಹೇಳುತ್ತಾರೆ. ಇಂಥದನ್ನು ನಾನು ನಂಬುತ್ತೇನೋ ಇಲ್ಲವೋ ನನಗೇ ಸರಿಯಾಗಿ ಗೊತ್ತಿಲ್ಲ. ಹೆದರಿಕೆ ಮಾತ್ರ ಆಯಿತು. ನಿಲ್ಲಿಸಿ ಹಚ್ಚಿದೆ.

ಪುಟ ಬಂತು. ಹೊತ್ತು ಮುಳುಗುತ್ತಿದ್ದಂತೆ ಪಾಳಿ ಕಟ್ಟಿ, ಮೆಸೇಜುಗಳು ಒಂದರ ಹಿಂದೊಂದು ಹೊರಟವು, ತೆಲುಗಿನಲ್ಲೂ ಕನ್ನಡದಲ್ಲೂ. ಪಾಳಿ ತಪ್ಪಿದವರನ್ನು ಮೊದಲು ಕೂರಿಸಬೇಕೆಂಬುದು ಟ್ರಸ್ಟಿನ ನಿಯಮ. ನಾದಿನಿಗೆ ಬೆಳಗಿನ ಮೊದಲ ಪಾಳಿಯೇ ಬಂದಿತ್ತು. ನೋಡಿ ಸಮಾಧಾನವಾಯಿತು, ಮರುಗಳಿಗೆಗೆ ಇನ್ನೊಂದು ಚಿಂತೆ. ಆಕೆಯ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಆದೋನಿಗೆ ಬರುವಷ್ಟರಲ್ಲಿ ಆ ಪಾಳಿ ಶುರುವಾಗಿ ಬಹಳ ಹೊತ್ತಾಗಿರುತ್ತದೆ. ಸಂಜೆಯ ಕೊನೆಯ ಬಸ್ಸು ಆಗಲೇ ಹೋಗಿತ್ತು. ಮೆಸೇಜು ಎಂದಿನ ಹೊತ್ತಿಗೆ ಬಂದಿದ್ದರೆ ಆ ಬಸ್ಸಿಗೇ ಹತ್ತಿ ನಮ್ಮ ಮನೆಗೆ ಬರುತ್ತಿದ್ದಳು. ಆಕೆಯ ಗಂಡ ಕುರಿ ಹಿಂಡಿನ ಜೊತೆ ದೂರ ಹೋಗಿದ್ದ. ನನ್ನ ಗಂಡನಿಗೆ ಫೋನು ಮಾಡಿದೆ. ಅವರು ಏನೂ ಕೇಳದೆ ಗೆಳೆಯನ ಕಾರು ಇಸಿದುಕೊಂಡು ಹೋದರು.

ನಾನು ಮನೆಗೆ ಬಂದು ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಅಣ್ಣ ತಂಗಿ ಬಂದರು. ಆಕೆ ಕಾರಿನಿಂದ ಇಳಿದವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಾಲಲ್ಲಿ ಚಪ್ಪಲಿ ಹಿಡಿಸದೆ ಕೈಯಲ್ಲಿ ಹಿಡಿದುಕೊಂಡಿದ್ದಳು. ಉಸಿರು ಕೂಡಿದ ಮೇಲೆ ನನ್ನನ್ನು ನೋಡಿ, “ಏನ್ ವದಿನಾ, ನಿನ್ನ ಕಂಪ್ಯೂಟರಕ್ಕೂ ಅಮಾಸಿ ಉಪಾಸ ಇತ್ತೇನು?” ಎಂದಳು. ನಗಬೇಕೆಂದೇ ಹೇಳಿದ್ದಳು, ನಕ್ಕೆ. ಆಮೇಲೆ, “ಮೆಸೇಜು ಬರಲಿಲ್ಲಲ್ಲ, ನನ್ನ ಬಿಟ್ಟ್ರು ಅಂದ್ಕಂಡೆ. ನಮ್ಮ ಅತ್ತೆವ್ವಗ ಹೇಳೀನಿ, ಇನ್ ನಾನು ಆದೋನಿಗೆ ಹೋಗಾಕಿಲ್ಲ ಬಿಡು ಅಂತ,” ಎಂದಳು.

ಆಕೆಯ ಕೈಯಿಂದ ಚಪ್ಪಲಿ ತೆಗೆದುಕೊಂಡೆ. ಪುಟ ಬಿಳಿ ತೆರೆಯಾಗಿದ್ದ ಹೊತ್ತೆಲ್ಲ ನಾನು ಕುರ್ಚಿಯನ್ನು ನೆನೆಯುತ್ತಿದ್ದೆ. ಹಳ್ಳಿಯಲ್ಲಿ ಫೋನು ಕೈಯಲ್ಲಿ ಹಿಡಿದು ಈಕೆ ಏನೆಂದುಕೊಂಡಾಳು ಎಂಬುದು ಹೊಳೆದಿರಲಿಲ್ಲ. ಆಕೆಯಂತೆ ಇನ್ನೆಷ್ಟು ಮಂದಿ ಹಾಗಂದುಕೊಂಡು ಕೂತಿದ್ದರೋ.

ನಾನೂ ನನ್ನ ಗಂಡನೂ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದೆವು. ಆಕೆಗೆ ಉಪ್ಪಿಲ್ಲದ ಬೇಳೆಗೆ ಅನ್ನ ಕಲಸಿ ಕೊಟ್ಟೆ, ಅರ್ಧ ತಿಂದಳು. ನೀರು ಡಾಕ್ಟರು ಹೇಳಿದ ಸಣ್ಣ ಲೋಟದಲ್ಲಿ, ಅದೂ ಗುಟುಕು ಗುಟುಕಾಗಿ. ಬೆನ್ನಿಗೆ ಎರಡು ದಿಂಬು ಕೊಟ್ಟು ಗೋಡೆಗೊರಗಿಸಿ ಕೂರಿಸಿದೆ. ನನ್ನ ಗಂಡ ತಂಗಿಯ ಕಾಲ ಬಳಿ ಚಾಪೆ ಹಾಸಿಕೊಂಡು, ಬೆಳಿಗ್ಗೆ ಎಬ್ಬಿಸು ಎಂದು ನನಗೆ ಹೇಳುತ್ತಲೇ ಮೊದಲು ನಿದ್ದೆ ಹೋದರು. ಆಕೆ ಕೂತಲ್ಲೇ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿತ್ತೋ ಇಲ್ಲವೋ, ಉಸಿರಿನ ಸದ್ದು ಕೇಳುತ್ತಿತ್ತು.