ಗೌರಕ್ಕನ ಫೋಟೋ ತೆಗೆಯಲು ತಿಕೋಂಡಿಗೆ

ಸಾಕ್ಷಿ, ಸಮರ್ಥ, ಈ ಸುಗ್ಗಿಯಲ್ಲಿ ನಾನು ತಿಕೋಂಡಿಗೆ ಹೋಗಿ ಬಂದದ್ದು ಹೇಗಾಯಿತೆಂದು ನೀವು ಫೋನಿನಲ್ಲಿ ಕೇಳಿದಿರಿ. ಫೋನ್ ಕಿವಿಗೆ ಹಿಡಿದರೆ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತಿದೆ. "ಚಲೋ ಆತು" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಆದದ್ದು ಅಷ್ಟೇ ಅಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಶೇಗಾಂವದಿಂದ ಬೆಳಗಿನ ಎಸ್.ಟಿ. ಬಸ್ಸಿಗೆ ಹೊರಟೆವು. ನನ್ನ ಜೊತೆ ನಿಮ್ಮ ಸಾಂಗಲಿ ಮಾಮಿಯ ತಂಗಿ ಉಜ್ವಲಾ ಇದ್ದಳು. ಅವಳು ಫೋಟೋ ತೆಗೆಯುವುದನ್ನು ಕಲಿಸುವ ಶಿಕ್ಷಕಿ. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಅವಳು ಮರಾಠಿಯಲ್ಲಿ ಆಡಿದ್ದನ್ನೆಲ್ಲ ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ, ಚಿಕ್ಕಮ್ಮ ಎನ್ನಲು ಅವಳು ಬಳಸುವ 'ಮಾವಶಿ' ಒಂದನ್ನು ಬಿಟ್ಟು. ಅವಳ ಕ್ಯಾಮೆರಾ ನೀವು ಕಂಡಂಥದ್ದಲ್ಲ. ಮುಂದೆ ಒಂದು ಕಣ್ಣು, ಹಿಂದೆ ಒಂದು ಮಬ್ಬು ಗಾಜು, ನಡುವೆ ಹಾರ್ಮೋನಿಯಂ ಪೆಟ್ಟಿಗೆಗೆ ಇರುವಂಥ ಮಡಿಕೆಯ ತಿದಿ. ಅದನ್ನು ನಿಲ್ಲಿಸಲು ಮೂರು ಕಾಲಿನ ಕಟ್ಟಿಗೆಯ ಸ್ಟ್ಯಾಂಡು. ಎಲ್ಲ ಸೇರಿ ಒಂದು ಕೂಸಿನಷ್ಟು ಭಾರ.

ಹೋದದ್ದು ನನ್ನ ಅಕ್ಕ ಗೌರವ್ವನ ಫೋಟೋಕ್ಕಾಗಿ. ಅಕ್ಕನಿಗೆ ಸಣ್ಣಂದಿನಿಂದ ಹಲ್ಲಿಗೆ ಮಿಶ್ರಿ ತಿಕ್ಕುವ ಚಟ. ಸುಟ್ಟ ತಂಬಾಕಿನ ಆ ಪುಡಿ ದವಡೆಯಲ್ಲಿ ಗಂಟಾಗಿ ನಿಂತಿತ್ತು. ಮೀರಜದ ದವಾಖಾನೆಯಲ್ಲಿ ಕೊಯ್ಯಬೇಕೆಂದಿದ್ದರು, ಆಮೇಲೆ ಮುಖ ಮೊದಲಿನಂತೆ ಇರುವುದಿಲ್ಲವೆಂದೂ ಹೇಳಿದ್ದರು. ಅದಕ್ಕೆ ಮೊದಲು ತನ್ನದೊಂದು ದೊಡ್ಡ ಫೋಟೋ ಆಗಬೇಕು ಎಂದು ಅಕ್ಕ ಹಟ ಹಿಡಿದಳು. ಅವಳ ಗಂಡನ ಫೋಟೋ ಗೋಡೆಗೆ ಇದೆ. ವಿಜಯಪುರದ ಸ್ಟುಡಿಯೋದಲ್ಲಿ, ಕರಿ ಬಟ್ಟೆಯೊಳಗೆ ತಲೆ ಹಾಕಿ ತೆಗೆಯುವ ಇಂಥದೇ ಕ್ಯಾಮೆರಾದಲ್ಲಿ ತೆಗೆದದ್ದು. ಮೊಬೈಲಿನಲ್ಲಿ ತೆಗೆದು ದೊಡ್ಡದು ಮಾಡಿಸಿದರೆ ಆಗದೇ ಎಂದು ಅವಳ ಮಗ ಮಲ್ಲಪ್ಪ ಕೇಳಿದ್ದನಂತೆ. "ನಿಮ್ಮಪ್ಪನ ಬಾಜೂಕ ಕುಂದರಾಕಿ ನಾ. ಅವರು ಕರಿ-ಬಿಳಿ, ನಾ ಬಣ್ಣದಾಕಿ ಆದ್ರ, ಯಾವ ಊರಾಕಿನ್ನ ತಂದು ಕುಂದರ್ಸ್ಯಾರ ಅಂತಾರ ಮಂದಿ" ಎಂದು ಅಕ್ಕ ಅವನ ಬಾಯಿ ಮುಚ್ಚಿಸಿದ್ದಳು. ಮರುದಿನ ಕೋಳಿ ಕೂಗುವ ಹೊತ್ತಿಗೆ ಮೀರಜಕ್ಕೆ ಹೊರಡುವುದಿತ್ತು. ನಮಗೆ ಇದ್ದದ್ದು ಆ ಒಂದು ಹಗಲು.

ಜತ್ತದಲ್ಲಿ ಇಳಿದು ಸಂಖದ ಬಸ್ ಹಿಡಿದೆವು. ಹೆಂಗಸರಿಗೆ ಅರ್ಧ ಟಿಕೇಟು. ಕಂಡಕ್ಟರ್ ಸೀಟಿನ ಮೇಲಿದ್ದ ಪೆಟ್ಟಿಗೆ ನೋಡಿ, "ಇವ್ರು ಗಂಡಸರೋ ಹೆಂಗಸರೋ? ಗಂಡಸರಿದ್ರ ಪೂರಾ ಟಿಕೇಟ್ರಿ" ಎಂದ. ಉಜ್ವಲಾ ನಕ್ಕು ಪೆಟ್ಟಿಗೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಅವುಗಳನ್ನು ಕಂಡು ಅವಳ ನಗೆ ನಿಂತಿತು. "ಗಾಳಿ ನಮಗೆ ವೈರಿ, ಮಾವಶಿ" ಎಂದಳು. ತಿದಿಗೆ ಗಾಳಿ ಬಡಿದರೆ ಕ್ಯಾಮೆರಾ ನಡುಗುತ್ತದೆ, ಚಿತ್ರ ಅಲುಗಿದಂತೆ ಬರುತ್ತದೆ.

ದಾರಿಯುದ್ದಕ್ಕೂ ತನ್ನ ಹುಡುಗರು ಮಾಡುವ ತಪ್ಪುಗಳನ್ನು ಹೇಳುತ್ತ ಬಂದಳು. ನಾನು ಹೊರಗೆ ನೋಡುತ್ತಲೇ ಕೇಳಿಸಿಕೊಂಡೆ. ಈ ಕ್ಯಾಮೆರಾಕ್ಕೆ ಫಿಲ್ಮಿನ ಸುರುಳಿ ಇಲ್ಲ. ಅಂಗೈಯಗಲದ ಫಿಲ್ಮ್ ಹಾಳೆಗಳನ್ನು ಒಂದು ತೆಳ್ಳನೆಯ ಚೌಕಟ್ಟಿನಲ್ಲಿ, ಎರಡು ಬದಿಗೆ ಒಂದೊಂದರಂತೆ, ಕಗ್ಗತ್ತಲೆಯಲ್ಲಿ ಕೂತು ಬೆರಳಿನಿಂದಲೇ ತಡವಿ ತುಂಬಬೇಕು. ಹಾಳೆಯ ಮೂಲೆಯಲ್ಲಿ ಕಚ್ಚುಗಳು ಇರುತ್ತವೆ. ಅವು ಬೆರಳಿಗೆ ಸಿಗದೆ ತಿರುವುಮುರುವು ತುಂಬಿದರೆ ಕೆಟ್ಟಿತು. ಹಾಳೆಯ ಮುಂದೆ ಒಂದು ಜಾರು ಹಲಗೆ ಇರುತ್ತದೆ, ಫೋಟೋ ತೆಗೆಯುವಾಗ ಮಾತ್ರ ಅದನ್ನು ಎಳೆಯಬೇಕು. ಅದಕ್ಕೆ ಒಂದು ಬದಿ ಬಿಳಿ, ಒಂದು ಬದಿ ಕಪ್ಪು. ಬಿಳಿ ಹೊರಗಿದ್ದರೆ ಹೊಸ ಹಾಳೆ, ಕಪ್ಪು ಹೊರಗಿದ್ದರೆ ಮುಗಿದ ಹಾಳೆ. ತಿರುಗಿಸಲು ಮರೆತರೆ ಒಂದೇ ಹಾಳೆಯ ಮೇಲೆ ಇಬ್ಬರು ಕೂರುತ್ತಾರೆ. ಎಲ್ಲಕ್ಕಿಂತ ಹೆಚ್ಚು ಜನ ಮಾಡುವ ತಪ್ಪೆಂದರೆ, ಗಾಜಿನಲ್ಲಿ ನೋಡಲೆಂದು ತೆರೆದ ಮುಂದಿನ ಕಣ್ಣನ್ನು ಮುಚ್ಚದೆಯೇ ಹಲಗೆ ಎಳೆಯುವುದು. "ಹಲಗೆ ಎಳೆಯುತ್ತಿದ್ದ ಹಾಗೇ ಹಾಳೆ ಸತ್ತುಹೋಗುತ್ತದೆ" ಎಂದಳು.

ಸಂಖದಲ್ಲಿ ಇಳಿದಾಗ ಬಿಸಿಲು ಏರಿತ್ತು. ಕಚೇರಿಗೆ ಬಂದ ಜನ ಚಹಾದಂಗಡಿಯಲ್ಲಿ ಕಿಕ್ಕಿರಿದಿದ್ದರು. ಊರ ಹೊರಗೆ ಬೀರಪ್ಪ ಎಂಬ ಕುರಿಗಾರ ಹಿಂಡು ತರುಬಿಕೊಂಡು ನಿಂತಿದ್ದ. ಉಜ್ವಲಾಗೆ ಅವನ ಫೋಟೋ ಬೇಕೆನಿಸಿತು. ಅಕ್ಕನಿಗೆಂದು ಬೇರೆ ಹಾಳೆಯ ಡಬ್ಬಿ ಇದ್ದುದರಿಂದ, ತುಂಬಿ ತಂದ ಎರಡು ಚೌಕಟ್ಟುಗಳನ್ನೂ ಅವನಿಗೇ ಖರ್ಚು ಮಾಡಿದಳು. ಬೀರಪ್ಪ ತಾನೂ ನೋಡುತ್ತೇನೆಂದು ಕರಿ ಬಟ್ಟೆಯೊಳಗೆ ತಲೆ ಹಾಕಿದ. ಆ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ.

"ಅಕ್ಕಾರ, ನನ್ನ ಕುರಿ ಮುಗಲಿಗೆ ಜೋತಬಿದ್ದಾವು" ಎಂದ ಅವನು ಒಳಗಿನಿಂದಲೇ.

"ಬೀಳಂಗಿಲ್ಲ ತಗೋರಿ" ಎಂದೆ ನಾನು. ಅಪರಿಚಿತ ಗಂಡಸಿನ ಜೊತೆ ಆ ದಿನ ನಾನು ಆಡಿದ ಮಾತು ಅದೊಂದೇ.

ತಿಕೋಂಡಿಗೆ ಬಸ್ ಇರಲಿಲ್ಲ. ತಲೆಗಿಷ್ಟೆಂದು ಬಾಡಿಗೆ ಪಡೆದು ತುಂಬಿ ಒಯ್ಯುವ ವಡಾಪ ಜೀಪಿನಲ್ಲಿ ಮಂದಿಯ ನಡುವೆ ಒತ್ತಿಕೊಂಡು ಹೋದೆವು. ಹಾಳೆ ತುಂಬಲು ಉಜ್ವಲಾ ತೋಳು ತೂರಿಸುವ, ಬೆಳಕು ಹೋಗದ ಒಂದು ಕರಿ ಚೀಲ ತಂದಿದ್ದಳು. ಯಾರದೋ ಕಾಳಿನ ಮೂಟೆಯ ಕೊಂಡಿಗೆ ಸಿಕ್ಕು ಅದು ಉದ್ದಕ್ಕೆ ಹರಿಯಿತು. ತಿಕೋಂಡಿಯಲ್ಲಿ ಇಳಿದ ಮೇಲೆಯೇ ಅವಳು ಅದನ್ನು ನೋಡಿದ್ದು.

ಅಕ್ಕ ನಮಗೆ ಸಜ್ಜೆ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಬಡಿಸಿದಳು. ತಾನು ಅಂಬಲಿ ಮಾತ್ರ ಕುಡಿದಳು. ಊಟದ ನಡುವೆ ಬಸ್ಸಿನ ಪಾಠವನ್ನೆಲ್ಲ ಅಕ್ಕನಿಗೆ ಹೇಳಿದೆ. ಉಜ್ವಲಾ ಮಾತ್ರ ತುತ್ತು ಬಿಟ್ಟು ಕೋಣೆ ಕೋಣೆ ತಿರುಗಿ ಬಂದಳು. ಎಲ್ಲ ಕಡೆ ಬೆಳಕಿಂಡಿ, ತಗಡಿನ ಸಂದು. ಸೂಜಿಯಷ್ಟು ಬೆಳಕು ಬಂದರೂ ಹಾಳೆ ಕೆಡುತ್ತದೆ. ಕತ್ತಲಾಗುವ ತನಕ ಕಾದರೆ ಫೋಟೋಕ್ಕೆ ಬೆಳಕಿರುವುದಿಲ್ಲ.

"ಕತ್ತಲಿ ಬೇಕಾದ್ರ ಹಗೇವು ಐತೆಲ್ಲವಾ" ಎಂದಳು ಅಕ್ಕ.

ಹಗೇವು ನೀವು ನೋಡಿಲ್ಲ. ಅಂಗಳದಲ್ಲಿ ಆಳವಾಗಿ ತೋಡಿ ಜೋಳ ತುಂಬಿಡುತ್ತಿದ್ದ ನೆಲದ ಕಣಜ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಕೋಣೆಯಷ್ಟು ಅಗಲ. ಅಕ್ಕನ ಮನೆಯದು ಖಾಲಿಯಾಗಿ ವರ್ಷಗಳಾಗಿದ್ದವು. ಮಲ್ಲಪ್ಪ ಮೇಲಿನ ಕಲ್ಲು ಸರಿಸಿ, ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಟ್ಟ. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಇಳಿಬಿಟ್ಟ. ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿದ್ದರೆ ದೀಪ ಆರುತ್ತದೆ, ಇಳಿದವರು ಏಳುವುದಿಲ್ಲ. ದೀಪ ಆರಲಿಲ್ಲ, ಮೇಲಕ್ಕೆ ಎಳೆದುಕೊಂಡ. ಉಜ್ವಲಾ ಡಬ್ಬಿ, ಚೌಕಟ್ಟುಗಳೊಂದಿಗೆ ಏಣಿ ಇಳಿದಳು. ಬಾಯಿಯ ಮೇಲೆ ಎರಡು ಕಂಬಳಿ ಮಡಿಸಿ ಹಾಕಿದೆವು. ತಾನು ಕರೆಯುವ ತನಕ ತೆಗೆಯಬಾರದು ಎಂದು ಅವಳು ಕೆಳಗಿನಿಂದ ಹೇಳಿದಳು.

ಮೊದಮೊದಲು ಅವಳು ಗೊಣಗುವುದು ಕೇಳುತ್ತಿತ್ತು. ಆಮೇಲೆ ನಿಂತಿತು.

"ಉಜ್ವಲಾ" ಎಂದು ಅಕ್ಕ ಕೂಗಿದಳು. ಉತ್ತರ ಬರಲಿಲ್ಲ. ಮತ್ತೆ ಕೂಗಿದಳು.

"ಅಕ್ಕಾ, ಬೆಳಕ ಬಿಡಬಾರದಂತ ಹೇಳ್ಯಾಳ. ಫೋಟೋ ಹೊಕ್ಕೈತಿ" ಎಂದೆ.

"ಹೋಗ್ಲಿ ಶಾಂತಾ. ಹುಡುಗಿ ಹೋದ್ರ?" ಎಂದು ಅಕ್ಕ ತಾನೇ ಕಂಬಳಿ ಎಳೆದು ಒಗೆದಳು. ಕಂದೀಲನ್ನು ಕೆಳಗೆ ಬಿಟ್ಟಳು.

ಕೆಳಗಿನಿಂದ "ಬೇಡ, ಬೇಡ" ಎಂದು ಉಜ್ವಲಾ ಕೂಗಿದಳು. ಅಷ್ಟರಲ್ಲಿ ಬಿಸಿಲು ಅವಳ ತೊಡೆಯ ಮೇಲೆ ತೆರೆದಿದ್ದ ಡಬ್ಬಿಯ ತನಕ ಇಳಿದಿತ್ತು. ಹಲಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೈಯಿಂದ ತುಂಬುತ್ತಿದ್ದಳಂತೆ. ಅಕ್ಕ ಕೂಗಿದ್ದಕ್ಕೆ ಬಾಯಿ ತೆರೆಯದೆಯೇ ಹೂಂಗುಟ್ಟಿದ್ದಳಂತೆ.

"ನಿನ್ನ ಹೂಂ ಕಂಬಳಿಗೆ ಕೇಳಿರಬೇಕು. ನಮಗ ಕೇಳ್ಲಿಲ್ಲ" ಎಂದಳು ಅಕ್ಕ.

ಉಜ್ವಲಾ ಮೇಲೆ ಬಂದು ಕೂದಲಿನ ದೂಳು ಕೂಡ ಒರೆಸಿಕೊಳ್ಳದೆ ಕೂತಳು. ಡಬ್ಬಿಯ ಹಾಳೆಗಳೆಲ್ಲ ಕೆಟ್ಟಿದ್ದವು. ಬೀರಪ್ಪನ ಹಾಳೆಗಳನ್ನು ಮೊದಲೇ ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು, ಅವು ಉಳಿದವು. ಹಲಗೆ ಹಾಕಿ ಮುಗಿಸಿದ್ದ ಒಂದು ಚೌಕಟ್ಟಿನಲ್ಲಿ ಎರಡು ಹಾಳೆ ಉಳಿದವು. ಅಕ್ಕ ಅವಳ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು.

"ಸಿಟ್ಟಾಗಬ್ಯಾಡ ಮಗಳ. ಈ ಹಗೇವಿನಾಗಲ್ಲ, ಆದ್ರ ಈ ಊರಾಗ ಇಳದಾರು ಏಳದ್ದನ್ನ ನಾ ಕಣ್ಲೆ ನೋಡೀನಿ. ನನ್ನ ಮಾರಿ ಕೊಯ್ದ್ರೂ ನಾ ಇರ್ತೀನಿ. ನೀ ಏಳ್ಲಿಲ್ಲಂದ್ರ ನಿಮ್ಮವ್ವಗ ಏನು ಫೋಟೋ ತೋರ್ಸೂದು?"

ಉಜ್ವಲಾ ಎದ್ದು ಕ್ಯಾಮೆರಾ ಹೂಡಿದಳು.

ಬಾಗಿಲ ಮುಂದಿನ ಕಟ್ಟೆಗೆ ಆಗ ನೆರಳು ಬಂದಿತ್ತು. ಮಲ್ಲಪ್ಪ ತನ್ನಪ್ಪನ ಫೋಟೋವನ್ನು ಗೋಡೆಯಿಂದ ಇಳಿಸಿ ತಂದ. ಅವರು ಎಡಕ್ಕೆ ತುಸು ತಿರುಗಿ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಅಕ್ಕನನ್ನು ಬಲಕ್ಕೆ ತಿರುಗಿಸಿ ಕೂರಿಸಿದೆವು, ಗೋಡೆಗೆ ಹಾಕಿದಾಗ ಇಬ್ಬರೂ ಒಬ್ಬರಿಗೊಬ್ಬರು ಮುಖವಾಗಲೆಂದು. ನೆರೆಯ ಹೆಂಗಸರು ಅಂಗಳದ ಗೋಡೆಯಾಚೆ ಸಾಲಾಗಿ ನಿಂತಿದ್ದರು. ಉಜ್ವಲಾ ಬಟ್ಟೆಯೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದಳು, ಹೊರಗೆ ಬಂದು ಚೌಕಟ್ಟು ಸೇರಿಸಿದಳು, ಹಲಗೆ ಎಳೆದಳು. ಎಳೆದವಳು ಹಾಗೆಯೇ ನಿಂತಳು. ಮುಂದಿನ ಕಣ್ಣು ತೆರೆದೇ ಇತ್ತು.

"ಆತೇನವಾ?" ಎಂದು ಅಕ್ಕ ಅಲುಗದೆ ಕೇಳಿದಳು.

"ಇಲ್ಲ ಮಾವಶಿ. ಮುಚ್ಚಲಿಲ್ಲ."

"ಬಸ್ಸಿನಾಗ ಶಾಂತಾಗ ಪಾಠ ಹೇಳಿದ್ದಿ ಅಂತಲ್ಲ, ಇದ ತಪ್ಪೇನು?"

"ಇದೇ" ಎಂದಳು ಉಜ್ವಲಾ. ಚೌಕಟ್ಟು ತೆಗೆದು, ತಿರುಗಿಸಿ, ನನ್ನ ಕಡೆ ನೋಡಿದಳು. "ಇನ್ನೊಂದೇ ಇದೆ. ನಾನು ಒಂದೊಂದು ಮಾಡುವ ಮೊದಲು ನೀವು ಜೋರಾಗಿ ಕೇಳಿ, ಮಾವಶಿ. ನನ್ನ ತಲೆ ಈಗ ನೆಟ್ಟಗಿಲ್ಲ."

ಅಷ್ಟು ಜನರ ಮುಂದೆ ನಾನು ಎಂದೂ ಧ್ವನಿ ತೆಗೆದವಳಲ್ಲ. ಸೆರಗು ಹೊದ್ದು ಹಿಂದೆ ನಿಂತಿದ್ದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು, ಗಂಟಿರುವ ದವಡೆಯ ಮೇಲೆ ತುಟಿ ಬಿಗಿದುಕೊಂಡು. ನಾನು ಮುಂದೆ ಬಂದೆ.

"ಸ್ಟ್ಯಾಂಡಿನ ಕಾಲು ಗಟ್ಟಿ ಊರಿದ್ಯಾ?"

"ಊರಿದೆ."

"ಗಾಜಿನಾಗ ಅಕ್ಕನ ಕಣ್ಣು ನಿಚ್ಚಳ ಕಾಣತಾವೇನು?"

"ಕಾಣುತ್ತವೆ."

"ಮುಂದಿನ ಕಣ್ಣು ಮುಚ್ಚಿದ್ಯಾ?"

"ಮುಚ್ಚಿದೆ" ಎಂದಳು ಅವಳು. "ಮುಚ್ಯಾಳ, ಮುಚ್ಯಾಳ, ನಾವೂ ನೋಡೀವಿ" ಎಂದರು ಗೋಡೆಯಾಚೆಯ ಹೆಂಗಸರು.

"ಬಿಳಿ ಬದಿ ಹೊರಗ ಐತೇನು?"

"ಇದೆ." ಚೌಕಟ್ಟು ಸೇರಿಸಿ ಹಲಗೆ ಎಳೆದಳು. ಗಾಳಿ ಬಂತು. ಕಾದೆವು. ಅಂಗಳದ ಬೇವಿನ ಎಲೆ ಅಲುಗದೆ ನಿಂತ ಮೇಲೆ ಅವಳು ಕೈಯೆತ್ತಿದಳು. ಅಕ್ಕ ಉಸಿರು ಹಿಡಿದಳು. ಸಣ್ಣದೊಂದು ಸಪ್ಪಳವಾಯಿತು.

"ಕಪ್ಪು ಬದಿ" ಎಂದೆ. ಅವಳು ಹಲಗೆ ತಿರುಗಿಸಿ ಹಾಕಿದಳು.

"ನಮ್ಮ ಶಾಂತಾನ ಧ್ವನಿ ಇಷ್ಟ ದೊಡ್ಡದೈತಿ ಅಂತ ನನಗ ಗೊತ್ತ ಇರಲಿಲ್ಲ. ಸಾಲ್ಯಾಗ ಹಾಜರಿ ಹೇಳಾಕ ಸೈತ ಅಳತಿದ್ಲು" ಎಂದು ಅಕ್ಕ ನೆರೆಯವರಿಗೆ ಹೇಳಿದಳು. ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ.

ಬೆಳಗಿನ ಜಾವ ಮಲ್ಲಪ್ಪ ಬಾಡಿಗೆಗೆ ಹೇಳಿದ ಗಾಡಿಯಲ್ಲಿ ಎಲ್ಲರೂ ಹೊರಟೆವು. ಚಳಿ ಇತ್ತು, ಅಕ್ಕ ಕಂಬಳಿ ಹೊದ್ದಿದ್ದಳು. ಉಜ್ವಲಾ ಅವರ ಜೊತೆಗೇ ಮೀರಜದ ತನಕ ಹೋದಳು. ನಾನು ಜತ್ತದಲ್ಲಿ ಇಳಿದೆ. "ಮನೀಗಿ ಹೋಗಿ ಉಣ್ಣ, ಉಪಾಸ ಇರಬ್ಯಾಡ" ಎಂದಳು ಅಕ್ಕ ಕಿಟಕಿಯಿಂದ. ಗಾಡಿ ತಿರುವು ದಾಟುವ ತನಕ ನಿಂತು ನೋಡಿದೆ, ಆಮೇಲೆ ಶೇಗಾಂವದ ಬಸ್ ಹತ್ತಿದೆ.

ಫೋಟೋ ಬಂದಿದೆ. ಎಡ ಮೂಲೆಯಲ್ಲಿ ಸ್ವಲ್ಪ ಹೊಗೆಯಂತೆ ಬಿಳುಪಾಗಿದೆ, ತಿದಿಯ ಮಡಿಕೆಯಲ್ಲಿ ಎಲ್ಲೋ ತೂತು ಬಿದ್ದಿತ್ತು ಎಂದಳು ಉಜ್ವಲಾ. ಮುಖ ನಿಚ್ಚಳವಾಗಿದೆ. ಅಕ್ಕ ದವಾಖಾನೆಯಿಂದ ಬಂದು ಅದನ್ನು ಗಂಡನ ಪಕ್ಕದ ಮೊಳೆಗೆ ಹಾಕಿಸಿಕೊಂಡಳು. ಹೊಂದುತ್ತದೆ.

ದವಡೆಯ ಜೊತೆ ನಾಲಿಗೆಯದೂ ಒಂದು ಅಂಚು ತೆಗೆದರು. ಅಕ್ಕ ಈಗ ಆಡುವುದು ಮಲ್ಲಪ್ಪನಿಗೆ ತಿಳಿಯುತ್ತದೆ, ನನಗೆ ಅರ್ಧ ತಿಳಿಯುತ್ತದೆ. ನೀವು ಅವಳ ಮನೆಗೆ ಹೋದರೆ ಫೋಟೋ ಕಾಣುತ್ತದೆ, ಅವಳು ಹೇಗೆ ಮಾತಾಡುತ್ತಿದ್ದಳೆಂದು ತಿಳಿಯುವುದಿಲ್ಲ. ಆದ್ದರಿಂದ ಅವಳ ಮಾತುಗಳನ್ನು ಅವಳು ಆಡಿದ ಹಾಗೆಯೇ ಬರೆದಿದ್ದೇನೆ, ಸಾಲಿ ಪುಸ್ತಕದ ಹಾಗೆ ತಿದ್ದಿಲ್ಲ. ಓದುವಾಗ ಜೋರಾಗಿ ಓದಿರಿ. ಓದಿದ ಮೇಲೆ ಈ ಹಾಳೆಗಳನ್ನು ಹರಿಯದಂತೆ, ನೆನೆಯದಂತೆ ಜೋಪಾನವಾಗಿ ಇಡಿರಿ.