ಬ್ರೇಕ್ ಡಬ್ಬಿಯಲ್ಲಿ ಕೆಂಪು ಎಣ್ಣೆ

ಅಪ್ಪ ಆ ವ್ಯಾನನ್ನು ಕೊಂಡದ್ದು ಚಿಂಚವಾಡದ ಒಂದು ಕಾರ್ಖಾನೆಯ ಹರಾಜಿನಲ್ಲಿ. ಅಲ್ಲಿ ಕೆಲಸಕ್ಕೆ ಬಂದಿದ್ದ ಪರದೇಶದ ಎಂಜಿನಿಯರುಗಳು ತರಿಸಿಕೊಂಡಿದ್ದ ಗಾಡಿ. ಅವರು ಹೋದರು, ಗಾಡಿ ಉಳಿಯಿತು. ಪುಣೆಯಲ್ಲಿ ಸ್ಟೀಲ್ ಪಾತ್ರೆಯ ವ್ಯಾಪಾರ ಮಾಡುತ್ತಿದ್ದ ಅಪ್ಪನಿಗೆ ಮಾಲು ಸಾಗಿಸಲೂ ಅದು ಬೇಕು, ಊರಿಗೆ ಹೋಗಲೂ ಬೇಕು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಪವರ್ ಸ್ಟೀರಿಂಗ್ ಇದ್ದ ಗಾಡಿ ನಮ್ಮ ಓಣಿಯಲ್ಲಿ ಅದೊಂದೇ. ಒಂದೇ ಬೆರಳಿನಿಂದ ಸ್ಟೀರಿಂಗ್ ತಿರುಗಿಸಿ ತೋರಿಸುವುದೆಂದರೆ ಅಪ್ಪನಿಗೆ ಬಲು ಖುಷಿ.

ಮಳೆಗಾಲ ಮುಗಿಯುವ ಹೊತ್ತಿಗೆ ಅದು ನರಳತೊಡಗಿತು. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಬಾನೆಟ್ಟಿನ ಒಳಗೆ ದನ ನರಳಿದಂಥ ಸದ್ದು. ಸ್ಟೀರಿಂಗೂ ಭಾರ, ಬ್ರೇಕ್ ಪೆಡಲೂ ಭಾರ. ಕೊಂಢವಾ ಬಡಾವಣೆಯ ಮೆಕ್ಯಾನಿಕ್ ಸ್ಟೀರಿಂಗ್ ಎಣ್ಣೆಯ ಡಬ್ಬಿ ತೆರೆದು ನೋಡಿದ. ಕೆಂಪು ಎಣ್ಣೆ ತಳ ಕಂಡಿತ್ತು, ಮೇಲೆ ನೊರೆ. ಸೋರುತ್ತಿದ್ದ ಪೈಪು ಬದಲಿಸಿ, ಹೊಸ ಎಣ್ಣೆ ಹಾಕಿ, ಎಂಜಿನ್ ಚಾಲೂ ಇಟ್ಟು ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸುತ್ತ ಒಳಗಿನ ಗಾಳಿ ಹೊರಡಿಸಿದ. ಉಳಿದ ಎಣ್ಣೆಯ ಬಾಟಲಿಯನ್ನು ಅಪ್ಪನ ಕೈಗೆ ಕೊಟ್ಟ.

“ಹೇ ಲಾಲ ತೇಲ ದೋನ್ಹೀ ಕಾಮಂ ಕರ್ತಂ, ಶೇಠ್,” ಎಂದ. ಈ ಕೆಂಪು ಎಣ್ಣೆ ಎರಡೂ ಕೆಲಸ ಮಾಡುತ್ತದೆ.

ಅವನು ಹೇಳಿದ್ದು ನಿಜ. ಆ ಗಾಡಿಯಲ್ಲಿ ಸ್ಟೀರಿಂಗನ್ನು ಹಗುರ ಮಾಡುವ ಪಂಪೇ ಬ್ರೇಕ್ ಒತ್ತುವ ಕಾಲಿಗೂ ಬಲ ಕೊಡುತ್ತಿತ್ತು. ಆದರೆ ಆ ಬಲವನ್ನು ನಾಲ್ಕೂ ಚಕ್ರಗಳಿಗೆ ಮುಟ್ಟಿಸುವುದು ಬೇರೆಯೇ ಎಣ್ಣೆ. ಅದರ ಡಬ್ಬಿ ಬೇರೆ, ಬಣ್ಣ ಬೇರೆ. ಅದನ್ನು ಅವನು ಹೇಳಲಿಲ್ಲ, ಅಪ್ಪ ಕೇಳಲಿಲ್ಲ.

ಖಂಡೇನವಮಿಯ, ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಪೂಜೆಗೆ ಮುಂಚೆ ಯಾವುದೂ ಅರ್ಧ ಇರಬಾರದು. ಅಕ್ಕಿಯ ಡಬ್ಬಿ, ಎಣ್ಣೆಯ ಕ್ಯಾನು, ದೀಪ, ನೀರಿನ ಕೊಡ ಎಲ್ಲವೂ ಕಂಠಮಟ್ಟ ತುಂಬಿರಬೇಕು. ಗಾಡಿಗೂ ಅದೇ ನೇಮ. ಡೀಸೆಲ್, ರೇಡಿಯೇಟರಿನ ನೀರು, ಬ್ಯಾಟರಿಯ ನೀರು ಎಲ್ಲವನ್ನೂ ಅಪ್ಪ ಸ್ನಾನ ಮಾಡಿ, ಮಡಿಯಲ್ಲಿ ತಾನೇ ತುಂಬುತ್ತಿದ್ದ. ಯಾರೂ ಮುಟ್ಟುವಂತಿರಲಿಲ್ಲ. ನಾನು ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದೆ. ಬಾನೆಟ್ಟಿನ ಹಿಂದೆ ಅವನ ಬೆನ್ನಷ್ಟೇ ಕಾಣುತ್ತಿತ್ತು.

ಹಬ್ಬಕ್ಕೆ ಬಂದಿದ್ದ ಬಸುರಿ ಅಕ್ಕ ಬೆಳಗಾವಿಯ ಗಂಡನ ಮನೆಗೆ ಮರಳಬೇಕಿತ್ತು. ಅಲ್ಲಿ ಅವಳ ಕುಬುಸ, ಸೀಮಂತ. ಅಷ್ಟರಲ್ಲಿ ಗಾಡಿಯ ನರಳಾಟ ನಿಂತಿತ್ತು, ಅಪ್ಪ ನಿಶ್ಚಿಂತನಾಗಿದ್ದ. ನನಗೆ ಬೇರೆ ಏನೋ ಕಾಣಿಸುತ್ತಿತ್ತು. ಬೆಳಿಗ್ಗೆ ವಿಶ್ವವಿದ್ಯಾಲಯಕ್ಕೆ ಹೊರಟ ನನ್ನನ್ನು ಅಪ್ಪ ಬಸ್ ಸ್ಟಾಪಿನವರೆಗೆ ಬಿಡುತ್ತಿದ್ದ. ಕಾಲು ತೆಗೆದ ಮೇಲೂ ಬ್ರೇಕ್ ಪೆಡಲು ತಡವಾಗಿ ಮೇಲೇಳುತ್ತಿತ್ತು. ನಾನು ಇಳಿದು ಮುಂದಿನ ಚಕ್ರದ ಪಕ್ಕದಲ್ಲಿ ಹಾಯುವಾಗ ಒಲೆಯ ಮುಂದೆ ನಿಂತಂತೆ ಕಾಲಿಗೆ ಬಿಸಿ ತಾಗುತ್ತಿತ್ತು. ಹೇಳಿದೆ.

“ಎಣ್ಣಿ ಕುಡದು ಮೈ ಬಿಗಿ ಮಾಡ್ಕೊಂಡದ, ಅಷ್ಟ,” ಎಂದು ಅಪ್ಪ ನಕ್ಕ. “ನಿನಗ ಕೆಮಿಸ್ಟ್ರಿ ಭಾಳ ಆಗೇದ.”

ಹೊರಡುವ ದಿನ ಅವ್ವ ಅಕ್ಕನಿಗೆ ಉಡಿ ತುಂಬಿದಳು. ಅವ್ವ ಮರುದಿನ ಮಾವನ ಜೊತೆ ರೈಲಿನಲ್ಲಿ ಬರುವವಳು. ಅಕ್ಕನ ಜೊತೆಗೆ ನಾನು. ಕಾತ್ರಜ್ ಘಾಟಿನ ಏರಿನಲ್ಲಿ ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತಾಯಿತು. ಅಪ್ಪ ಗೇರ್ ಇಳಿಸಿದ, ಮತ್ತೆ ಇಳಿಸಿದ. ಸುಟ್ಟ ವಾಸನೆ ಬಂತು.

“ಯಾರದರ ಮನ್ಯಾಗ ಹಾಲು ಉಕ್ಕಿರಬೇಕು,” ಎಂದಳು ಅಕ್ಕ. ಸುತ್ತ ಮನೆಯೇ ಇರಲಿಲ್ಲ.

“ಅಪ್ಪಾ, ಸುರಂಗದ ಈ ಕಡೆನ ನಿಲ್ಲಸ್ರಿ,” ಎಂದೆ. ಆಚೆ ಬರೀ ಇಳಿಜಾರು.

“ಉಡಿ ತುಂಬಿಸ್ಕೊಂಡ ಹೆಣ್ಮಗಳನ್ನ ನಡುದಾರ್ಯಾಗ ಇಳಸಬಾರದು.”

“ಇಳಸಬ್ಯಾಡ್ರಿ. ಗಾಡಿ ಅಷ್ಟ ನಿಲ್ಲಸ್ರಿ.”

ಅಪ್ಪ ಬ್ರೇಕ್ ಒತ್ತಿದ. ಪೆಡಲು ಕಲ್ಲಿನಂತಾಗಿತ್ತು, ಆದರೆ ಏರಿನಲ್ಲಿ ಗಾಡಿ ತಾನಾಗಿಯೇ ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದ. ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ನಾನು ಬಾನೆಟ್ ಎತ್ತಿಸಿ ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದೆ. ಅದರ ಒಳಗಿನ ರಬ್ಬರ್ ನೀರಲ್ಲಿ ಬಿದ್ದ ರೊಟ್ಟಿಯ ಹಾಗೆ ಉಬ್ಬಿ ಸುರುಟಿಕೊಂಡಿತ್ತು. ವಾಪಸು ಹಾಕಲು ಹೋದರೆ ಕೂರಲಿಲ್ಲ. ಡಬ್ಬಿಯಲ್ಲಿ ಎರಡು ಪದರ: ಕೆಳಗೆ ಜೇನಿನ ಬಣ್ಣದ್ದು, ಮೇಲೆ ಕೆಂಪು.

ರಬ್ಬರ್ ನಳಿಗೆಯನ್ನು ಸಲ್ಲದ ಎಣ್ಣೆಯಲ್ಲಿ ಬಿಟ್ಟರೆ ಏನಾಗುತ್ತದೆಂದು ನಾನು ಪ್ರಯೋಗಾಲಯದಲ್ಲಿ ನೋಡಿದ್ದೆ. ಮುಚ್ಚಳದ ರಬ್ಬರ್ ಹೀಗಿದ್ದರೆ ಒಳಗೆ, ಕಣ್ಣಿಗೆ ಕಾಣದಲ್ಲಿ, ಬ್ರೇಕಿನ ಪ್ರತಿ ರಬ್ಬರೂ ಹೀಗೇ ಉಬ್ಬಿರುತ್ತದೆ. ಒತ್ತಿದ ಎಣ್ಣೆಗೆ ಹಿಂದಿರುಗಲು ದಾರಿಯಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ, ಚಕ್ರ ಕಾಯುತ್ತದೆ, ಕಾದು ಕಾದು ಎಣ್ಣೆ ಕುದಿಯುತ್ತದೆ. ಆಮೇಲೆ ಬ್ರೇಕೇ ಇರುವುದಿಲ್ಲ.

“ಇದರಾಗ ಕೆಂಪು ಎಣ್ಣಿ ಹಾಕಿದ್ರೇನು?”

“ಅರ್ಧ ಇತ್ತು,” ಎಂದ ಅಪ್ಪ. “ನವಮಿ ದಿನ ಅರ್ಧ ಬಿಡ್ತಾರೇನ? ಎರಡಕ್ಕೂ ಅದ ಎಣ್ಣಿ ಅಂತ ಆ ಮೆಕ್ಯಾನಿಕ್ ಹೇಳಿದ್ನಲ್ಲ.”

ಒಂದು ದೊಡ್ಡ ಕಲ್ಲು ಹುಡುಕಿ ಹಿಂದಿನ ಚಕ್ರಕ್ಕೆ ಕೊಟ್ಟೆ. ಅಪ್ಪ ಮತ್ತೆ ಒಳಗೆ ಕೂತು ಪೆಡಲಿನ ಮೇಲೆ ಕಾಲಿಟ್ಟ. ಈಗ ಅದು ಕಲ್ಲಾಗಿರಲಿಲ್ಲ. ಮೆತ್ತಗೆ, ನಿಧಾನವಾಗಿ ನೆಲದವರೆಗೆ ಹೋಯಿತು. ಕಾಲು ತೆಗೆದ. ಅದು ಮೇಲೆ ಬರಲಿಲ್ಲ. ಮೂವರೂ ಅದನ್ನೇ ನೋಡುತ್ತಿದ್ದೆವು.

ಮುಂದೆ ಸುರಂಗ, ಅದರಾಚೆ ಇಳಿಜಾರು. ಹಿಂದೆ ನಾವು ಏರಿಬಂದ ರಸ್ತೆ, ಅದೂ ಇಳಿಜಾರೇ.

ಅಕ್ಕ ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಾಗಿಲು ತೆರೆದಳು. “ಅಪ್ಪಾ, ನಾ ಇಳೀತೀನ್ರಿ. ನಮ್ಮ ಅತ್ತಿ ಮುಂದ ಹೇಳಬ್ಯಾಡ್ರಿ, ಅಷ್ಟ.”

ಅಪ್ಪ ಬೇಡ ಎನ್ನಲಿಲ್ಲ. ಕೆಳಗಿಳಿದು ಕೈ ಕೊಟ್ಟ. ಅವನ ಕೈ ಎಣ್ಣೆಯಾಗಿತ್ತು. ಅಕ್ಕ ಮಣಿಕಟ್ಟನ್ನು ಹಿಡಿದು ಇಳಿದಳು.

ಕೊಲ್ಲಾಪುರಕ್ಕೆ ಹೊರಟಿದ್ದ ಸರಕಾರಿ ಎಸ್‌ಟಿ ಬಸ್ಸೊಂದು ನಾವು ಕೈ ಮಾಡಿದ್ದಕ್ಕೆ ನಿಂತಿತು. ಕಂಡಕ್ಟರ್ ಅಕ್ಕನನ್ನು ನೋಡಿ ಎರಡನೆಯ ಸಾಲಿನ ಸೀಟು ಖಾಲಿ ಮಾಡಿಸಿದ. ಅಪ್ಪ ಬರಲಿಲ್ಲ. ಮೆಕ್ಯಾನಿಕ್ ಬಂದು ಎಳೆಸಿಕೊಂಡು ಹೋಗುವವರೆಗೆ ಗಾಡಿ ಬಿಟ್ಟು ಕದಲುವುದಿಲ್ಲ ಎಂದ. ಬಸ್ಸು ಹೊರಟಾಗ ಅವನು ಎರಡನೆಯ ಕಲ್ಲನ್ನು ಎತ್ತಿ ತರುತ್ತಿದ್ದ. ನಾನು ಕೊಟ್ಟ ಕಲ್ಲು ಸಾಲದೆನಿಸಿರಬೇಕು.

ಸುರಂಗದ ಕತ್ತಲು ಮುಗಿದು ಇಳಿಜಾರು ಶುರುವಾಯಿತು. ಪ್ರತಿ ತಿರುವಿನಲ್ಲೂ ಬಸ್ಸಿನ ಬ್ರೇಕ್ ಕಿರುಚುತ್ತಿತ್ತು. ನಾನು ಒಂದೊಂದು ಕಿರುಚನ್ನೂ ಕಿವಿಗೊಟ್ಟು ಕೇಳುತ್ತಿದ್ದೆ. ಒಂದು ತಿರುವಿನಲ್ಲಿ ಸದ್ದು ಬರುವುದು ತುಸು ತಡವಾಯಿತು.

“ಯಾಕ ಒದೀತಿ ಆ ಸೀಟಿಗೆ? ಅವರು ತಿರುಗಿ ನೋಡಾಕತ್ತಾರ,” ಎಂದು ಅಕ್ಕ ಪಿಸುಗುಟ್ಟಿದಳು.

ನೋಡಿಕೊಂಡೆ. ನನ್ನ ಬಲಗಾಲು ಮುಂದಿನ ಸೀಟಿನ ಕಬ್ಬಿಣವನ್ನು ಪೂರ್ತಿ ಬಲದಿಂದ ಒತ್ತುತ್ತಿತ್ತು. ತೆಗೆಯಬೇಕೆಂದುಕೊಂಡೆ. ಇಳಿಜಾರು ಇನ್ನೂ ಮುಗಿದಿರಲಿಲ್ಲ.