ಕಿಟಕಿ ಪಕ್ಕದ ಟೇಬಲ್

ಮೊನ್ನೆ ಲಂಡನ್ನಿನ ಪಾರ್ಕ್ ರಾಯಲ್ ಕಡೆಯಿಂದ ಬರುವಾಗ ಬ್ರೆಡ್ ಬೇಯುವ ವಾಸನೆ ಬಸ್ಸಿನೊಳಗೆ ನುಗ್ಗಿತು. ಕಣ್ಣು ಮುಚ್ಚಿದೆ. ಬಿಸಿಲುಕೋಲಿನಲ್ಲಿ ತೇಲುವ ಹಿಟ್ಟಿನ ಧೂಳು, ಅದರೊಳಗಿಂದ ಮೆಲ್ಲಗೆ ನಡೆದು ಬರುವ ದೊಡ್ಡಣ್ಣ, ಹುಬ್ಬೆಲ್ಲ ಬೆಳ್ಳಗೆ…

ಹಾಗೆ ಕರೆಯುತ್ತಿದ್ದವನು ನಾನೊಬ್ಬನೇ. ಅವರು ಜಮೈಕಾದವರು. ತೊಂಬತ್ತರ ದಶಕದಲ್ಲಿ ನಾನು ಬೇಕರಿ ಸೇರಿದಾಗ ಓವನ್ ಅವರ ಕೈಯಲ್ಲಿತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ನನ್ನ ಕೆಲಸದತ್ತ ಇಂದಿನವರೆಗೆ ಯಾರೂ ಬೆರಳು ತೋರಿಸಿಲ್ಲ. ಅದು ಅವರು ಕಲಿಸಿದ್ದು.

ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಟೇಬಲ್ ಬಿಳಿಯರದು. ಹಾಗಂತ ಎಲ್ಲೂ ಬರೆದಿರಲಿಲ್ಲ. ಸೂಪರ್‌ವೈಸರ್ ಆಗುವವರೂ ಆ ಟೇಬಲ್ಲಿನವರೇ. ರಿಟೈರಾಗುವ ಮೊದಲು ತಾನೂ ಆಗಬೇಕು ಅನ್ನುವುದು ದೊಡ್ಡಣ್ಣನ ಆಸೆ. ಆ ಕೆಲಸವನ್ನು ಕೊನೆಯ ಸಲ ಕೇಳಿದರು. ಅವರ ಕೈಕೆಳಗೇ ಕೆಲಸ ಕಲಿತಿದ್ದ ಒಬ್ಬ ಬಿಳಿಯನಿಗೆ ಹೋಯಿತು.

ಮರುದಿನ ಟೀ ಮಗ್ಗು ಹಿಡಿದು ನೇರ ಹೋಗಿ ಕಿಟಕಿ ಪಕ್ಕ ಕೂತರು. ಯಾರೂ ಏನೂ ಅನ್ನಲಿಲ್ಲ. ಒಬ್ಬ ಗಡಿಯಾರ ನೋಡಿಕೊಂಡ, ಇನ್ನೊಬ್ಬ ಸಿಗರೇಟಿಗೆಂದು ಎದ್ದ… ನೋಡನೋಡುತ್ತ ಇಡೀ ಟೇಬಲ್ಲಿಗೆ ಅವರೊಬ್ಬರೇ.

“ಅರೆ, ಲಾರ್ಡ್ ಸಾಹೇಬ್ರು ಬಂದ್ರು!” ಎಂದು ನಮ್ಮ ಟೇಬಲ್ಲಿನ ಗುಜರಾತಿ ಹೆಂಗಸು ಕಿಸಕ್ಕನೆ ನಕ್ಕಳು. ನನಗೆ ತಡೆಯಲಾಗಲಿಲ್ಲ. ಮಗ್ಗು ಎತ್ತಿಕೊಂಡು ಹೋಗಿ ಅವರೆದುರು ಕೂತೆ.

“ಬಾ ಮ್ಯಾನ್, ಜಾಗಕ್ಕೇನು ಬರವಿಲ್ಲ,” ಅಂದರು.

ಅವರ ಅಣ್ಣ ಅಮೆರಿಕ ಸೇರಿದ್ದರಂತೆ. ಅರವತ್ತರ ದಶಕದಲ್ಲಿ, ಕಪ್ಪು ಜನಕ್ಕೆ ಕಾಫಿ ಕೊಡದ ಹೋಟೆಲಿನಲ್ಲಿ ಹೀಗೇ ಹೋಗಿ ಕೂತಿದ್ದರಂತೆ. ತಲೆಯ ಮೇಲೆ ಸಕ್ಕರೆ ಸುರಿದರಂತೆ, ಪೊಲೀಸರು ಎಳೆದೊಯ್ದರಂತೆ…

“ಅಲ್ಲಿ ನನ್ನಣ್ಣನ್ನ ಎಬ್ಬಿಸಿದ್ರು. ಪೇಪರ್‌ನವ್ರು ಫೋಟೋ ಹೊಡೆದ್ರು, ಊರೆಲ್ಲ ನೋಡ್ತು, ಕಾನೂನು ಬದಲಾಯ್ತು. ಇಲ್ಲಿ ಅವರೇ ಎದ್ದು ಹೋಗ್ತಾರೆ. ಖಾಲಿ ಕುರ್ಚಿ ಫೋಟೋ ಯಾರು ಹೊಡೀತಾರೆ, ಹೇಳು?”

“ಮತ್ತೆ ನಾವೂ ಏಳೋಣ್ವಾ?”

“ಟೀ ಮುಗೀಲಿ.”

ರಿಟೈರಾಗುವವರೆಗೂ ದಿನಾ ಅಲ್ಲೇ ಕೂತರು. ಕೊನೆಕೊನೆಗೆ ಆ ಗುಜರಾತಿ ಹೆಂಗಸೂ ಡಬ್ಬಿ ತಂದು ಕೂರುತ್ತಿದ್ದಳು. ಸೂಪರ್‌ವೈಸರ್ ಕೆಲಸ ಮಾತ್ರ ಅವರಿಗೆ ಸಿಗಲೇ ಇಲ್ಲ. ಕೆಲವು ವರ್ಷಗಳ ಮೇಲೆ ನನಗೆ ಸಿಕ್ಕಿತು. ಹೇಳಿಬರೋಣವೆಂದು ಓಡಿದರೆ ಅವರ ಫ್ಲ್ಯಾಟಿನ ಬಾಗಿಲು ತೆರೆದದ್ದು ಬೇರೆ ಯಾರೋ. ದೊಡ್ಡಣ್ಣ ತೀರಿಕೊಂಡು ಆಗಲೇ ಒಂದು ಚಳಿಗಾಲ ಕಳೆದಿತ್ತು.

ಈಗ ನನ್ನ ಮಗಳು ದೊಡ್ಡ ಆಫೀಸಿನಲ್ಲಿದ್ದಾಳೆ. ಅಲ್ಲಿ ಯಾರೂ ಎದ್ದು ಹೋಗುವುದಿಲ್ಲ, ಎಲ್ಲರೂ ಒಟ್ಟಿಗೇ ಊಟ ಮಾಡುತ್ತಾರೆ. ಪ್ರಮೋಷನ್ ಮಾತ್ರ ಈ ಸಲವೂ ಬೇರೆಯವರಿಗೆ. “ಎಲ್ಲರೂ ಒಳ್ಳೆಯವರೇ ಡ್ಯಾಡ್, ಯಾರ ಮೇಲೆ ಅಂತ ದೂರು ಹೇಳಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತನ್ನಣ್ಣನ ಕಾಲ ಹೇಗಿತ್ತು, ನಮ್ಮ ಕಾಲ ಹೇಗೆ ಎಂದು ಬಿಡಿಸಿ ಹೇಳಿದವರು ದೊಡ್ಡಣ್ಣ. ಅವಳ ಕಾಲವನ್ನು ಹೇಳಲು ಅವರಿಲ್ಲ…